ಹನ್ನೆರಡು ಬಾಟಲಿ, ಒಂದು ಮೂಗು

ಇದನ್ನು ಮೊದಲು ನನಗೆ ಹೇಳಿದವರು ನಮ್ಮ ಸಸ್ಯಶಾಸ್ತ್ರ ವಿಭಾಗದ ಸಿಸ್ಟರ್. ಹೇಳುವಾಗ ನಗು ತಡೆಯಲು ಕೊರಳಿನ ಶಿಲುಬೆಯನ್ನು ಗಟ್ಟಿ ಹಿಡಿದುಕೊಂಡಿದ್ದರು. ಫಾದರ್‌ಗಳು, ಸಿಸ್ಟರ್‌ಗಳು ನಡೆಸುತ್ತಿದ್ದ ಆ ವಿಶ್ವವಿದ್ಯಾಲಯದಲ್ಲಿ ನಾನಾಗ ಹೊಸ ಉಪನ್ಯಾಸಕಿ. ಸಂಶೋಧನೆಗೆಂದು ಊರು ಸುತ್ತಿ ಬಂದವರಿಂದ ಪ್ರತಿ ವರ್ಷ ಇಂಥದ್ದೊಂದು ಕಥೆ ಹುಟ್ಟುತ್ತಲೇ ಇತ್ತು. ಈ ಸಲದ್ದರಲ್ಲಿ ಮಾತ್ರ ನನ್ನದೂ ಕೈಯಿತ್ತು. ಉಪ್ಪಿನಕಾಯಿಗೆ ಹಾಕುವ ಎಳೆಮಾವು ಅಪ್ಪೆಮಿಡಿಯ ಮೇಲೆ ಪ್ರಬಂಧ ಬರೆಯಲು ಹೊರಟ ಎಂ.ಎಸ್ಸಿ. ಹುಡುಗಿಯನ್ನು ಹೆಗ್ಗರಣೆ ಎಂಬ ಹಳ್ಳಿಯ ನನ್ನ ಸೋದರತ್ತೆಯ ಮನೆಗೆ ಕಳಿಸಿದವಳು ನಾನೇ.

೧. ಯಾರ ಸಂದರ್ಶನ?

ಹುಡುಗಿ ಪೇಟೆಯವಳು. ಪ್ರಶ್ನಾವಳಿಯ ಕಟ್ಟು ಹಿಡಿದು ಅತ್ತೆಯ ಹಿಂದೆ ಮನೆಮನೆ ತಿರುಗಿದಳು. ನಮ್ಮ ಕಡೆ ಜಗಲಿ ಹತ್ತಿದವರಿಗೆ ಮೊದಲು ಆಸರಿ, ಅಂದರೆ ಕುಡಿಯಲು ಏನಾದರೂ. ಅದು ಮುಗಿಯುವ ತನಕ ಮನೆಯವರು ಕೇಳುತ್ತಾರೆ, ಬಂದವರು ಹೇಳುತ್ತಾರೆ. ಯಾವ ಊರು, ಅಪ್ಪ ಎಂತ ಮಾಡ್ತ, ಅಣ್ಣನ ಮದುವೆ ಆಯ್ದಾ. ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆ. ಮೂರು ದಿನಕ್ಕೆ ಅವಳು ಕುಡಿದದ್ದು ಲೆಕ್ಕವಿಲ್ಲದಷ್ಟು ಪುನರ್ಪುಳಿ ಪಾನಕ. ತುಂಬಿಸಿದ್ದು ಎರಡು ಪ್ರಶ್ನಾವಳಿ.

ನಾಲ್ಕನೆಯ ದಿನ ಬಸ್ಸು ಹತ್ತಿದಾಗ, ಎಂದೂ ಮಾತಾಡದ ಕಂಡಕ್ಟರ್ ಟಿಕೆಟ್ ಹರಿಯುತ್ತ ವಿಚಾರಿಸಿದನಂತೆ: "ನಿಮ್ಮ ಅಪ್ಪನ ಮೊಣಕಾಲು ನೋವು ಈಗ ಹೆಂಗದೆ?"

೨. ಇತರ

ಪ್ರಶ್ನಾವಳಿಯ ಏಳನೆಯ ಪ್ರಶ್ನೆ: ತಳಿಯನ್ನು ಹೇಗೆ ಗುರುತಿಸುತ್ತೀರಿ? ಬಣ್ಣ, ಗಾತ್ರ, ಆಕಾರ, ಇತರ. ಅತ್ತೆ ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಹುಡುಗಿಯ ಮೂಗಿಗೆ ಹಿಡಿದಳು. ಒಂದಕ್ಕೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಕರ್ಪೂರದ್ದು. ಹುಡುಗಿ 'ಇತರ'ದ ಮುಂದೆ 'ಮೂಗು' ಎಂದು ಬರೆದು ತಂದಳು.

ಸಿಸ್ಟರ್ ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ಮೂಗು ವೈಜ್ಞಾನಿಕ ಆಧಾರವಲ್ಲ, ತನಗಂತೂ ಎಲ್ಲ ಮಿಡಿಯೂ ಒಂದೇ ವಾಸನೆ ಎಂದರು. ನಾನು ಫೋನಿನಲ್ಲಿ ಅತ್ತೆಗೆ ತಿಳಿಸಿದೆ. ಅತ್ತೆ ಸ್ವಲ್ಪವೂ ಬೇಸರಿಸಲಿಲ್ಲ.

"ಪಾಪ, ಅವ್ಕೆ ಥಂಡಿ ಆಗಿಕ್ಕು," ಎಂದಳು.

೩. ಪರೀಕ್ಷಕರ ಮರೆವು

ವಿಭಾಗದ ವಸ್ತುಪ್ರದರ್ಶನದ ದಿನವೇ ಪ್ರಬಂಧದ ಪರೀಕ್ಷೆ. ಹನ್ನೆರಡು ಮರಗಳ ಮಿಡಿ, ಹನ್ನೆರಡು ಗಾಜಿನ ಬಾಟಲಿ, ಉಪ್ಪುನೀರು. ಹೆಸರಿನ ಚೀಟಿಯನ್ನು ಬಾಟಲಿಯ ಒಳಗೇ ಹಾಕಬೇಕು, ಪೆನ್ಸಿಲಿನಲ್ಲೇ ಬರೆಯಬೇಕು ಎಂದು ಸಿಸ್ಟರ್ ಹತ್ತು ಸಲ ಹೇಳಿದ್ದರು. ಹುಡುಗಿ ಚೀಟಿಯನ್ನು ಒಳಗೇ ಹಾಕಿದ್ದಳು. ಬರೆದದ್ದು ಮಾತ್ರ ಅಂದವಾಗಿ ಕಾಣಲೆಂದು ಜೆಲ್ ಪೆನ್ನಿನಲ್ಲಿ. ಬೆಳಿಗ್ಗೆ ನೋಡಿದರೆ ಹನ್ನೆರಡು ಚೀಟಿಯೂ ಬೆಳ್ಳಗೆ, ನೀರು ಮಾತ್ರ ತಿಳಿನೀಲಿ.

ಹೊರಗಿನಿಂದ ಬಂದ ಪರೀಕ್ಷಕರು ತಲೆ ನರೆತ ಗಂಭೀರ ಮನುಷ್ಯ. ಹೆಸರಿಲ್ಲದ ಮಾದರಿಯನ್ನು ಒಪ್ಪಲಾರೆ ಎಂದರು. ಮಿಡಿ ಬಿಡುವುದು ವರ್ಷಕ್ಕೊಮ್ಮೆ. ಒಪ್ಪದಿದ್ದರೆ ಹುಡುಗಿಗೆ ಒಂದು ವರ್ಷ ಹೋದಂತೆಯೇ. ಅವಳ ಕಣ್ಣು ತುಂಬಿತ್ತು.

ದೀಪ ಬೆಳಗಲು ಸಿಸ್ಟರ್ ಅತ್ತೆಯನ್ನೂ ಕರೆಸಿದ್ದರು. ಅತ್ತೆ ಫಾದರ್ ಪಕ್ಕದ ಕುರ್ಚಿಯಿಂದೆದ್ದು ಬಂದು ಬಾಟಲಿ ತೆರೆದಳು. ಮಿಡಿ ಮುರಿದು ಮೂಸಿದಳು, ಚೂರು ಕಚ್ಚಿದಳು, ಹೆಸರು ಹೇಳಿದಳು. ಹನ್ನೆರಡೂ ಹುಡುಗಿಯ ನೋಟ್‌ಬುಕ್ಕಿನಲ್ಲಿದ್ದ ಹೆಸರುಗಳೇ. ಪರೀಕ್ಷಕರಿಗೆ ಅಷ್ಟು ಸಾಲದು. ಬಾಟಲಿಗಳ ತಳಕ್ಕೆ ತಾವೇ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಅತ್ತೆ ಹೇಳಿದ್ದನ್ನು ಗುರುತು ಹಾಕಿಕೊಂಡು, ಬಾಟಲಿಗಳನ್ನು ಹಿಂದುಮುಂದು ಮಾಡಿ ಮತ್ತೆ ಕೊಟ್ಟರು. ಹನ್ನೆರಡೂ ಸರಿ. ಸಿಸ್ಟರ್ ಮೆಲ್ಲಗೆ ಪ್ರಶ್ನಾವಳಿ ತೆಗೆದು, ತಾವೇ ಎಳೆದಿದ್ದ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜತೊಡಗಿದರು.

ಪರೀಕ್ಷಕರು ಕೊನೆಯದಾಗಿ ಒಂದು ಬಾಟಲಿ ಮುಂದಿಟ್ಟರು, ಈಗಷ್ಟೇ ತೋರಿಸಿದ್ದನ್ನೇ. ಅತ್ತೆ ಮೂಸಿದಳು. ಅವರ ಮುಖವನ್ನೊಮ್ಮೆ ನೋಡಿದಳು.

"ತಮಾ, ಇದನ್ನ ನೀನು ಆಗಲೇ ಕೊಟ್ಟಿದ್ದೆ, ಮರ್ತು ಹೋತಾ? ನೀನೂ ಒಂದು ಚೀಟಿ ಬರದಿಟ್ಗ," ಎಂದವಳು, ಹುಡುಗಿಯತ್ತ ತಿರುಗಿ ಸೇರಿಸಿದಳು, "ಪೆನ್ಸಿಲಲ್ಲಿ."

ಮೊದಲು ನಕ್ಕವರು ಪರೀಕ್ಷಕರೇ. ಹುಡುಗಿ ಪಾಸಾದಳು. ಕಥೆ ಈಗ ನಿಮ್ಮ ಕೈಗೆ ಬಂತು, ಇನ್ನೊಬ್ಬರಿಗೆ ದಾಟಿಸಿ. ಹೇಳುವಾಗ ನನ್ನನ್ನು ಬಿಟ್ಟರೂ ಅಡ್ಡಿಯಿಲ್ಲ, ಪೆನ್ಸಿಲ್ ಬಿಡಬೇಡಿ.