ತಮ್ಮ ಬಾಗಿಲಿಗೆ ಅಂಟಿಸಿದ ನನ್ನ ಹಾಳೆಯ ವಿಷಯವಾಗಿ

ಎಲ್ಕ್‌ರನ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಐದನೇ ನಂಬರಿನ ಅಂಗಿಯನ್ನು ಅಲಂಕರಿಸಿರುವ ಶ್ರೀ ಡೇರಿಯನ್ ವಿಕ್‌ವೇರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಇದೇ ಎಲ್ಕ್‌ರನ್ ಊರಿನಲ್ಲಿ ಮೂವತ್ತೆಂಟು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತನಾದ ಮರ್ಲ್ ಹಾಸ್ಟೆಟ್ಲರ್ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ತಮಗೆ ಹತ್ತೊಂಬತ್ತು ವರ್ಷ, ನನಗೆ ಎಪ್ಪತ್ತೆರಡು. ಆದರೂ ಟೀವಿಯಲ್ಲಿ ಇಡೀ ದೇಶದ ಮುಂದೆ ನನ್ನ ಬಗ್ಗೆ ಮಾತನಾಡಿದ ಮೊದಲ ಮತ್ತು ಕೊನೆಯ ವ್ಯಕ್ತಿ ತಾವೇ ಆದ್ದರಿಂದ ತಮ್ಮನ್ನು 'ಮಾನ್ಯರೇ' ಎನ್ನದೆ ಬೇರೆ ಹೇಗೆ ಕರೆಯಬೇಕೋ ತಿಳಿಯುತ್ತಿಲ್ಲ. ಜೀವನವೆಲ್ಲ ಬೇರೆಯವರ ಪತ್ರಗಳನ್ನು ಹೊತ್ತವನು ನಾನು, ಇಷ್ಟುದ್ದದ ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಬೇಕು.

ತಾವು ಈ ಮಾರ್ಚ್ ತಿಂಗಳ ಅಖಿಲ ದೇಶದ ಕಾಲೇಜು ಸ್ಪರ್ಧೆಯ ಮೊದಲ ಪಂದ್ಯದ ಕೊನೆಯ ಸೆಕೆಂಡಿನಲ್ಲಿ ಅಂಗಳದ ನಟ್ಟನಡುವಿನಿಂದ ಎಸೆದ ಆ ಚೆಂಡಿನ ಬಗ್ಗೆ ಮೊದಲು ಎರಡು ಒಳ್ಳೆಯ ಮಾತು ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಇರಲಿಕ್ಕಿಲ್ಲ. ಅದು ಬಹಳ ಚೆನ್ನಾಗಿತ್ತು. ಸ್ವಂತ ವಿಮಾನವಿರುವ ಕೋಚು, ಏಳಡಿ ಎತ್ತರದ ಮೂವರು ಆಟಗಾರರು, ಎಲ್ಲ ಪತ್ರಿಕೆಗಳ ಆಶೀರ್ವಾದ, ಇಷ್ಟನ್ನೂ ಕಟ್ಟಿಕೊಂಡು ಬಂದಿದ್ದ ಉತ್ತರದ ಆ ದೊಡ್ಡ ವಿಶ್ವವಿದ್ಯಾಲಯವನ್ನು ತಾವು ಒಂದೇ ಎಸೆತದಲ್ಲಿ ಮನೆಗೆ ಕಳಿಸಿದಿರಿ. ಅವರ ಜೊತೆಯಲ್ಲೇ ನನ್ನನ್ನೂ ಕಳಿಸಿದಿರಿ ಎಂಬುದಷ್ಟೇ ನನ್ನ ವಿನಮ್ರ ದೂರು.

ತಾವು ಹೊರಗಿನಿಂದ ಬಂದು ಎರಡೇ ವರ್ಷವಾಗಿದೆ, ಆದ್ದರಿಂದ ನಮ್ಮ ಲವೋನ್ ಕೆಸ್ಲರಳ ಕ್ಷೌರದಂಗಡಿಯ ಪದ್ಧತಿ ತಮಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಮಾರ್ಚ್‌ನಲ್ಲಿ ಆ ಸ್ಪರ್ಧೆಗೆ ಆಯ್ಕೆಯಾದ ಅರವತ್ತನಾಲ್ಕು ಕಾಲೇಜುಗಳ ಹೆಸರಿರುವ ಹಾಳೆ ತೆಗೆದುಕೊಂಡು, ಯಾರು ಯಾರನ್ನು ಸೋಲಿಸುತ್ತಾರೆಂದು ಮೊದಲ ಪಂದ್ಯದಿಂದ ಅಂತಿಮ ವಿಜೇತರ ಹೆಸರು ಬರೆಯುವ ನಡುವಿನ ಚೌಕದವರೆಗೆ ತುಂಬಿ, ಲವೋನಳ ಕೈಗೆ ಕೊಡುತ್ತೇವೆ. ಅವಳು ತಾರೀಖಿನ ಮೊಹರು ಹೊಡೆದು ಕನ್ನಡಿಯ ಎದುರಿನ ಗೋಡೆಗೆ ಅಂಟಿಸುತ್ತಾಳೆ. ಪೆನ್ನಿನಲ್ಲೇ ಬರೆಯಬೇಕು, ತಿದ್ದುವಂತಿಲ್ಲ. ಹಣ ಕಟ್ಟುವುದಿಲ್ಲ, ನಾವು ಮರ್ಯಾದಸ್ಥರು. ಬಹುಮಾನ ಇಷ್ಟೇ: ಎಲ್ಲರಿಗಿಂತ ಹೆಚ್ಚು ಸರಿಯಾಗಿ ಊಹಿಸಿದವರು ಎಲ್ಲರಿಗಿಂತ ಕೆಟ್ಟದಾಗಿ ಊಹಿಸಿದವರನ್ನು ಕುರ್ಚಿಯಲ್ಲಿ ಕೂರಿಸಿ, ತಮ್ಮ ಕೈಯಾರೆ ತಲೆಗೆ ಜೀರೋ ಮಷೀನು ಹಾಕಿ ಬೋಳಿಸುತ್ತಾರೆ.

ಈ ಪದ್ಧತಿ ಶುರುವಾದ ಮೂವತ್ತೊಂದು ವರ್ಷಗಳಲ್ಲಿ ಎಲ್ಕ್‌ರನ್ ಕಾಲೇಜು ಈ ಸ್ಪರ್ಧೆಗೆ ಆಯ್ಕೆಯಾದದ್ದು, ಈ ಸಲ ಬಿಟ್ಟು, ಒಂಬತ್ತು ಬಾರಿ. ಒಂಬತ್ತು ಬಾರಿಯೂ ನಾನು ನಡುವಿನ ಚೌಕದಲ್ಲಿ ಎಲ್ಕ್‌ರನ್ ಎಂದೇ ಬರೆದೆ. ಒಂಬತ್ತು ಬಾರಿಯೂ ತಮ್ಮ ಹಿಂದಿನವರು ಮೊದಲ ಪಂದ್ಯದಲ್ಲೇ ಶಿಸ್ತಾಗಿ ಸೋತು, ಸಂಜೆಯೊಳಗೆ ಬಸ್ಸು ಹತ್ತಿ ಊರಿಗೆ ಬಂದು, ನನ್ನನ್ನು ಕುರ್ಚಿಗೆ ಕಳಿಸಿದರು. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ನಾನು ಆ ಕಾಲೇಜಿನಲ್ಲಿ ಒಂದೂವರೆ ವರ್ಷ ಓದಿದವನು, ಅಲ್ಲಿನ ಮರದ ಬೆಂಚುಗಳ ಮೇಲೆ ಕೂತು ಗಂಟಲು ಹರಿದುಕೊಂಡವನು. ನಮ್ಮವರು ಸೋಲುತ್ತಾರೆ ಎಂದು ಬರೆಯುವುದಕ್ಕಿಂತ ಬೋಳು ತಲೆಯಲ್ಲಿ ಅಂಚೆ ಹಂಚುವುದೇ ಮೇಲು ಎಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ನನ್ನ ತಲೆ ನೋಡಿಯೇ ಊರಿನವರು, ಓಹೋ, ಈ ವರ್ಷ ನಮ್ಮ ಕಾಲೇಜು ಆಯ್ಕೆಯಾಗಿತ್ತು ಎಂದು ನೆನಪಿಸಿಕೊಳ್ಳುತ್ತಿದ್ದರು.

ಈ ವರ್ಷ ಮಾತ್ರ ಏಪ್ರಿಲ್ ಮೂರನೇ ವಾರ ನನ್ನ ಮೊಮ್ಮಗಳು ಟೆಸ್ಸಾಳ ಮದುವೆ ಗೊತ್ತಾಯಿತು. ನನ್ನ ಹೆಂಡತಿ ಎಲೋಯಿಸ್ ನಾಷ್ಟಾದ ತಟ್ಟೆ ಮುಂದಿಟ್ಟು ಅಪ್ಪಣೆ ಕೊಡಿಸಿದಳು: "ನೋಡ್ರಿ, ಫೋಟೋದಲ್ಲಿ ನನ್ ಪಕ್ಕ ಉಣ್ಣೆ ಕತ್ತರಿಸಿದ ಕುರಿ ಥರ ನಿಂತ್ಕೊಂಡ್ರೆ ನಾನು ಸುಮ್ನಿರಲ್ಲ. ಈ ಸಲ ಆ ಕಾಲೇಜಿನ ಹೆಸ್ರು ಬರೀಬೇಡಿ. ಆಣೆ ಮಾಡಿ." ಆಣೆ ಮಾಡಿದೆ. ಅಂಗಡಿಗೆ ಹೋದರೆ ಅಲ್ಲಿ ಆರ್ಲಿನ್ ಗ್ರೀಬ್ ಇದ್ದ. ಒಂದನೇ ತರಗತಿಯಿಂದ ನನ್ನ ಗೆಳೆಯ, ಹುಟ್ಟಿದ್ದು ಇಲ್ಲಿಯಾದರೂ ಕುಣಿಯುವುದೆಲ್ಲ ಉತ್ತರದ ಆ ದೊಡ್ಡ ವಿಶ್ವವಿದ್ಯಾಲಯಕ್ಕೆ. "ಬುದ್ಧಿ ಬಂತೇನೋ ಕೊನೆಗೂ! ಬಾ, ನನ್ನ ಹಾಳೆ ನೋಡ್ಕೊಂಡೇ ಬರ್ಕೋ, ಕೂದ್ಲು ಉಳಿಯತ್ತೆ" ಎಂದ. ಬರೆದುಕೊಂಡೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಅವನ ಹಾಳೆಯನ್ನು ಹಾಗೆಯೇ ಇಳಿಸಿದೆ. ಎಲ್ಕ್‌ರನ್ ಮೊದಲ ಪಂದ್ಯದಲ್ಲೇ ಔಟು, ನಡುವಿನ ಚೌಕದಲ್ಲಿ ಆರ್ಲಿನ್‌ನ ವಿಶ್ವವಿದ್ಯಾಲಯ. ಸ್ವಂತಿಕೆ ಇರಲೆಂದು ಎಲ್ಲೋ ಮೂಲೆಯಲ್ಲಿ ಒಂದೇ ಒಂದು ಪಂದ್ಯ ಬದಲಿಸಿದೆ.

ಅದೇ ದಿನ, ಮಂಗಳವಾರ, ಮಧ್ಯಾಹ್ನ ತಮ್ಮ ಕೋಚ್ ಸಾಹೇಬರು ಗಡ್ಡ ಚೊಕ್ಕ ಮಾಡಿಸಿಕೊಳ್ಳಲು ಅಂಗಡಿಗೆ ದಯಮಾಡಿಸಿದರು. ಮುಂದಿನ ಕಥೆ ಲವೋನ್ ಹೇಳಿದ್ದು: "ಮುಖಕ್ಕೆಲ್ಲ ನೊರೆ ಹಚ್ಚಿದೀನಿ, ಎದ್ದು ಗೋಡೆ ಹತ್ರ ಹೋಗ್ಬಿಟ್ರು. ನಿನ್ ಹಾಳೆ ಮುಂದೆ ನಿಂತ್ಕೊಂಡು, ಇದು ಆ ಪೋಸ್ಟಿನೋರದ್ದೇನಾ ಅಂದ್ರು. ಹೂಂ ಅಂದೆ. ಮೊಬೈಲ್ ತೆಗ್ದು ಫೋಟೋ ಹೊಡ್ಕೊಂಡ್ರು." ಆ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ, ತಾವು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೇ ಅಂಟಿಸಿದರೆಂಬುದು ಗುರುವಾರ ತಾವು ಗೆದ್ದು, ಬೆವರು ಒರೆಸಿಕೊಳ್ಳುತ್ತ, ಮೈಕಿನ ಮುಂದೆ ಬಾಯಿ ಬಿಟ್ಟಾಗ ನನಗೆ ಗೊತ್ತಾಯಿತು. ತಮ್ಮ ಅಮೃತವಾಣಿ ನನಗೆ ಬಾಯಿಪಾಠವಾಗಿದೆ: "ನಮ್ಮೂರಲ್ಲಿ ಒಬ್ರು ಪೋಸ್ಟ್ ತಾತ ಇದಾರೆ. ಕಾಲೇಜು ಒಂಬತ್ ಸಲ ಸೋತ್ರೂ ನಾವೇ ಗೆಲ್ತೀವಿ ಅಂತ ಬರ್ದೋರು. ಈ ಸಲ ಅವ್ರೂ ನಮ್ಮನ್ನ ಕೈಬಿಟ್ರು. ಅವ್ರೇ ನಂಬ್ಲಿಲ್ಲ ಅಂದ್ಮೇಲೆ ಇನ್ಯಾರು ನಂಬ್ತಾರೆ? ಆಚೆ ಬರೋವಾಗ ಒಬ್ಬೊಬ್ರೂ ಆ ಹಾಳೆಗೆ ಒಂದೊಂದು ಏಟು ಕೊಟ್ಟೇ ಬಂದ್ವಿ!"

ಮಾನ್ಯರೇ, ಒಂಬತ್ತು ಹಾಳೆ ತುಂಬ ನಾನು ಇಟ್ಟ ನಂಬಿಕೆಗೆ ತಮ್ಮ ಕಾಲೇಜಿನ ಯಾವ ಬಾಗಿಲಿನಲ್ಲೂ ಒಂದು ಗುಂಡುಪಿನ್ನಿನಷ್ಟು ಜಾಗ ಸಿಕ್ಕಿರಲಿಲ್ಲ. ಒಂದೇ ಒಂದು ಸಲ ನಂಬದೆ ಹೋದೆ, ಇಡೀ ಬಾಗಿಲೇ ಸಿಕ್ಕಿತು. ಇದು ಗೌರವವೋ ಅವಮಾನವೋ ನನಗೆ ಇನ್ನೂ ಬಗೆಹರಿದಿಲ್ಲ.

ಊರಿನವರಿಗೆ ಇಂಥ ಗೊಂದಲವೇನೂ ಇರಲಿಲ್ಲ. ಇಗರ್ಜಿಯಲ್ಲಿ ಪಾದ್ರಿಗಳು ನನ್ನ ಕೈ ಕುಲುಕಿ, "ನಿಮ್ಮ ಅಪನಂಬಿಕೆಯಿಂದ ಊರಿಗೆ ಒಳ್ಳೇದಾಯ್ತು, ಹೀಗೇ ಮುಂದುವರೀರಿ" ಎಂದರು. ಒಬ್ಬ ಪಾದ್ರಿಯ ಬಾಯಲ್ಲಿ ಈ ಮಾತು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಎರಡನೇ ಪಂದ್ಯಕ್ಕೆ ಮೊದಲು ನಾಲ್ಕು ಜನ ಖಾಲಿ ಹಾಳೆ ಹಿಡಿದು ಮನೆಗೇ ಬಂದು, ಈ ಸಲವೂ ನಮ್ಮವರು ಸೋಲುತ್ತಾರೆಂದು ಬರೆದುಕೊಡಿ, ತಂಡಕ್ಕೆ ಫ್ಯಾಕ್ಸ್ ಮಾಡುತ್ತೇವೆ ಎಂದು ಗೋಗರೆದರು. ಬರೆಯಲಿಲ್ಲ, ಕೈ ಬರಲಿಲ್ಲ. ಅಂಗಡಿಯಲ್ಲಿ ಪಂದ್ಯ ನೋಡಲು ಹೋದರೆ ಲವೋನ್ ನನ್ನ ಕುರ್ಚಿಯನ್ನು ಎಳೆದು ಆರ್ಲಿನ್ ಪಕ್ಕ ಹಾಕಿ, "ನೀನು ಅಲ್ಲೇ ಕೂತ್ಕೋ ಮರ್ಲ್, ಚಪ್ಪಾಳೆ ಗಿಪ್ಪಾಳೆ ತಟ್ಬೇಡ, ದೃಷ್ಟಿಯಾಗತ್ತೆ" ಎಂದಳು. ಹೀಗಾಗಿ ನನ್ನ ಆಯುಸ್ಸೆಲ್ಲ ಕಾದಿದ್ದ ಆ ಗೆಲುವುಗಳನ್ನು, ಒಂದಾದ ಮೇಲೊಂದು ಉಳಿದ ಮೂರನ್ನೂ, ನಾನು ಎದುರಾಳಿಯ ಬೆಂಚಿನಂತಿದ್ದ ಆ ಮೂಲೆಯಲ್ಲಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ನೋಡಿದೆ. ಆರ್ಲಿನ್ ಮಾತ್ರ ನನ್ನ ಕಡೆ ತಿರುಗಿ, "ಅಳೋದಾದ್ರೆ ಅಳೋ, ಯಾರಿಗೂ ಹೇಳಲ್ಲ" ಎಂದ. ನಾನು ಅಳಲಿಲ್ಲ. ಸ್ವಲ್ಪ ಅತ್ತೆ.

ತಾವು ಕೊನೆಯ ನಾಲ್ಕರವರೆಗೆ ಹೋಗಿ, ಅಲ್ಲಿ ಒಂದೇ ಒಂದು ಅಂಕದಿಂದ ಸೋತು ಬಂದಿರಿ. ಅಷ್ಟರಲ್ಲಿ ನನ್ನ ಹಾಳೆಯ ಗತಿ ಮುಗಿದಿತ್ತು. ಆರ್ಲಿನ್ ಕೊನೆಯಿಂದ ಎರಡನೆಯವನಾದ. ಸ್ವಂತಿಕೆಗೆಂದು ಬದಲಿಸಿದ ಆ ಒಂದು ಪಂದ್ಯದ ಕೃಪೆಯಿಂದ ನಾನು ಕಟ್ಟಕಡೆಯವನಾದೆ. ಗೆದ್ದವರು ಯಾರು ಎಂಬುದು ಏಪ್ರಿಲ್ ಒಂದರಂದು ಲವೋನ್ ಮಾರ್ಚ್ ಹಾಳೆ ಹರಿಯಲು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದಾಗ ಗೊತ್ತಾಯಿತು. ಅದರ ಹಿಂದೆ, ಗೋಡೆಯ ಮೇಲೆ, ಮೊಹರು ಬಿದ್ದ ಇನ್ನೊಂದು ಹಾಳೆ ಇತ್ತು. ನಡುವಿನ ಚೌಕದಲ್ಲಿ ದುಂಡಗಿನ ಅಕ್ಷರದಲ್ಲಿ ಎಲ್ಕ್‌ರನ್ ಎಂದು ಬರೆದಿತ್ತು. ತಮ್ಮ ನಾಲ್ಕೂ ಗೆಲುವುಗಳನ್ನು ಸರಿಯಾಗಿ ಊಹಿಸಿದ ಹಾಳೆ ಊರಿನಲ್ಲಿ ಅದೊಂದೇ. ಆ ಅಕ್ಷರ ನನಗೆ ನಲವತ್ತೆಂಟು ವರ್ಷದಿಂದ ಪರಿಚಯ, ಮನೆಯ ದಿನಸಿ ಚೀಟಿಯೆಲ್ಲ ಅದರಲ್ಲೇ ಬರುತ್ತದೆ.

"ನಿಮ್ ಕೂದ್ಲು ಉಳೀಲಿ ಅಂತ ನಿಮ್ ಕೈಲಿ ಬರೀಬೇಡಿ ಅಂದೆ" ಎಂದಳು ಎಲೋಯಿಸ್. "ಆದ್ರೆ ನಮ್ಮನೆಯಿಂದ ಒಬ್ರೂ ಆ ಹುಡುಗ್ರ ಹೆಸ್ರು ಬರೀಲಿಲ್ಲ ಅಂದ್ರೆ ಹೇಗ್ರೀ? ಅದಕ್ಕೆ ನಾನೇ ಬರ್ದೆ." ಹಾಗಾದರೆ ಮದುವೆಯ ಸಲುವಾಗಿ ಮಷೀನಿನಿಂದ ವಿನಾಯಿತಿ ಸಿಗಬಹುದೇ ಎಂದು ಮೆಲ್ಲಗೆ ಕೇಳಿದೆ. "ಒಂಬತ್ ಸಲ ನಂಬಿ ಬೋಳಿಸ್ಕೊಂಡ್ರಿ. ನಂಬದೇ ಇದ್ದಿದ್ದಕ್ಕೆ ಒಂದ್ಸಲ ಬೋಳಿಸ್ಕೊಳ್ಳಿ" ಎಂದಳು. ಯಾರು ಹೇಳಿದ್ದಕ್ಕೆ ನಂಬದೆ ಇದ್ದೆ ಎಂದು ನಾನು ಕೇಳಲಿಲ್ಲ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಯಾವ ಪ್ರಶ್ನೆ ಕೇಳಬಾರದೆಂದು ಕಲಿತಿದ್ದೇನೆ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಚಿಕ್ಕವು. ಆ ಮೊದಲ ಪಂದ್ಯದ ಚೆಂಡು ಆಟ ಮುಗಿದ ಗಂಟೆ ಬಾರಿಸಿದ ಮೇಲೆ ತಮ್ಮ ಕೈಬಿಟ್ಟಿತ್ತೆಂದು ತಾವೇ ಒಂದು ಹೇಳಿಕೆ ಕೊಟ್ಟು, ನನ್ನ ತಲೆಗೆ ಮಷೀನು ಗೊತ್ತಾಗಿರುವ ಈ ಶನಿವಾರದೊಳಗೆ ಇಡೀ ಸ್ಪರ್ಧೆಯನ್ನು ಮತ್ತೆ ಮೊದಲಿನಿಂದ ಆಡಿಸಬೇಕು. ಅದು ಕಷ್ಟವಾದರೆ ತಂಡದ ಹದಿಮೂರು ಮಂದಿಯೂ ತಲೆ ಬೋಳಿಸಿಕೊಂಡು ಟೆಸ್ಸಾಳ ಮದುವೆಗೆ ಬಂದು, ಫೋಟೋದಲ್ಲಿ ನನ್ನ ಸುತ್ತ ನಿಲ್ಲಬೇಕು. ಊಟ ನಮ್ಮದೇ, ಎಲೋಯಿಸ್ ಕೆನೆ, ಸಕ್ಕರೆ ತುಂಬಿ ಬೇಯಿಸುವ ಸಿಹಿ ಪೈ ಹದಿಮೂರು ಜನಕ್ಕೆ ಸಾಲುತ್ತದೆ. ಅದೂ ಆಗದಿದ್ದರೆ ಆ ಬಾಗಿಲಿನ ಹಾಳೆಯನ್ನಾದರೂ ಕಿತ್ತು ನನಗೆ ಕಳಿಸಿಕೊಡಿ. ಅಂಚೆಯಲ್ಲೇ ಕಳಿಸಿ, ಮಡಿಸಬೇಡಿ.

ಏಕೆಂದರೆ ಮುಂದಿನ ವರ್ಷ ತಾವು ಮತ್ತೆ ಆಯ್ಕೆಯಾದರೆ ನಾನು ನಡುವಿನ ಚೌಕದಲ್ಲಿ ಎಲ್ಕ್‌ರನ್ ಎಂದೇ ಬರೆಯುತ್ತೇನೆ. ಊರೆಲ್ಲ ಬೇಡವೆಂದರೂ ಬರೆಯುತ್ತೇನೆ. ತಾವು ಸೋತರೂ ಸರಿ, ಮಷೀನು ಬಂದರೂ ಸರಿ. ಇನ್ನೊಂದು ಸಲ ಆ ಬೆಂಚಿನಲ್ಲಿ ಕೈ ಕಟ್ಟಿ ಕೂರುವ ಶಕ್ತಿ ನನಗಿಲ್ಲ, ಇದನ್ನು ತಮ್ಮ ಕೋಚ್ ಸಾಹೇಬರಿಗೂ ತಿಳಿಸಬೇಕಾಗಿ ಪ್ರಾರ್ಥನೆ.

ಒಂದೇ ಒಂದು ಸಲ ವಿಶ್ವಾಸ ಕಳೆದುಕೊಂಡು ಊರಿಗೆಲ್ಲ ಉಪಕಾರ ಮಾಡಿದ,
ತಮ್ಮ ವಿಶ್ವಾಸಿ,
ಮರ್ಲ್ ಹಾಸ್ಟೆಟ್ಲರ್

ತಾ.ಕ.: ಪತ್ರವನ್ನು ಡಬ್ಬಿಗೆ ಹಾಕುವ ಮೊದಲೇ ಶನಿವಾರ ಬಂದು ಹೋಯಿತು. ಎಲೋಯಿಸ್ ಮಷೀನು ಹಿಡಿದದ್ದು ಜೀವನದಲ್ಲಿ ಇದೇ ಮೊದಲು, ಇಡೀ ಊರು ಅಂಗಡಿಯ ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಿತ್ತು. ಆದರೂ ಅವಳ ಕೈ ಒಂದು ಸಲವೂ ನಡುಗಲಿಲ್ಲ. ತಾವು ಸೋತ ಆ ಪಂದ್ಯದ ಕೊನೆಯಲ್ಲಿ, ಒಂದು ಅಂಕ ಹಿಂದಿದ್ದಾಗ, ಯಾರೂ ಅಡ್ಡ ಬಾರದೆ ಆರಾಮವಾಗಿ ಎಸೆಯಬಹುದಾಗಿದ್ದ ಆ ಎರಡು ಫ್ರೀ ಥ್ರೋಗಳನ್ನು ಎರಡನ್ನೂ ತಪ್ಪಿಸಿದ ತಮಗೆ ಕೈ ನಡುಗದಿರುವ ಅಭ್ಯಾಸ ಬೇಕಿದ್ದರೆ, ಅವಳು ಸಂಜೆ ನಾಲ್ಕರ ಮೇಲೆ ಬಿಡುವಾಗಿರುತ್ತಾಳೆ.