ಖಾಲಿ ಬಸ್ಸಿನ ಗಂಟೆ

ಅಮಾವಾಸ್ಯೆಯ ದಿನ ಮನೆಗೆ ಕಬ್ಬಿಣ ತರಬಾರದು, ಒಂದು ಮೊಳೆಯನ್ನೂ ತರಬಾರದು ಎಂದು ಹೆಂಡತಿ ಅಂಬಮ್ಮ ಹೇಳಿದ್ದಳು. ವಿರೂಪಣ್ಣ ತರಲು ಹೊರಟದ್ದು ಒಂದು ಇಡೀ ಬಸ್ಸನ್ನು.

ಪಾಪ, ಅವನಿಗೆ ಬೇರೆ ದಾರಿ ಇರಲಿಲ್ಲ. ಮಾನ್ವಿ ಬಸ್ ನಿಲ್ದಾಣದ ಎದುರು ಅವನು ಮಂಡಾಳ ಒಗ್ಗರಣಿ, ಮಿರ್ಚಿ ಮಾರುತ್ತಿದ್ದ ಅಂಗಡಿಯನ್ನು ಮಾಲೀಕ ಸಾಬಣ್ಣ ಬಿಡಿಸಿಕೊಂಡಿದ್ದ. ಒಲೆ ಆರಿ ಹದಿನೈದು ದಿನವಾಗಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಎದುರಿನ ಹೋಟೆಲಿಗೆ ಹೋಗಿ ಕೂತಿದ್ದರು. ದೇವದುರ್ಗದಲ್ಲಿ ಖಾನಾವಳಿ ಇಟ್ಟಿದ್ದ ಅಂಬಮ್ಮನ ತಮ್ಮ, ‘ಮಾಮಾ ಇಲ್ಲಿಗೇ ಬರಲಿ, ತಾಟು ತೊಳ್ಯಾಕ ಒಬ್ಬರು ಬೇಕಾಗ್ಯಾರ’ ಎಂದು ಹೇಳಿ ಕಳಿಸಿದ್ದ. ಭಾವಮೈದುನನ ಮುಂದೆ ಕುಕ್ಕರಗಾಲಲ್ಲಿ ಕೂತು ತಾಟು ತಿಕ್ಕುವ ತನ್ನ ಚಿತ್ರ ಕಣ್ಣಿಗೆ ಕಟ್ಟಿದ ಗಳಿಗೆಯಲ್ಲೇ ವಿರೂಪಣ್ಣನಿಗೆ ಬಸ್ಸಿನ ವಿಚಾರ ಹೊಳೆದದ್ದು. ಹಳೆಯ ಬಸ್ಸು ತರುವುದು, ಸೀಟು ಕಿತ್ತು ಬೆಂಚು ಹಾಕುವುದು, ಕಿಟಕಿಯಿಂದ ಚಹಾ ಕೊಡುವುದು. ಗಾಲಿಯ ಮೇಲಿರುವ ಹೋಟೆಲನ್ನು ಯಾವ ಸಾಬಣ್ಣ ಖಾಲಿ ಮಾಡಿಸಿಯಾನು?

ಅಂಬಮ್ಮ ಒಪ್ಪಿದಳು, ಆದರೆ ಗಡುವು ಹಾಕಿದಳು. “ಸ್ವಾಮಾರ ಮುಂಜಾನಿ ಒಲಿ ಹೊತ್ತಬೇಕ್ರಿ. ಹೊತ್ತಲಿಲ್ಲ ಅಂದ್ರ ಮಂಗಳಾರ ದೇವದುರ್ಗಕ್ಕ ಗಂಟು ಕಟ್ಟತೀನಿ. ನಿಮ್ಮನ್ನೂ ಅದರಾಗ ಹಾಕೇ ಕಟ್ಟತೀನಿ.”

ಬಸ್ಸು ಸಿಕ್ಕಿದ್ದು ಗಡುವಿನ ಹಿಂದಿನ ದಿನ, ಅಮಾವಾಸ್ಯೆಯಂದೇ, ರಾಯಚೂರಿನ ಗಂಜ್ ಹಿಂದಿನ ಗುಜರಿ ಬಯಲಿನಲ್ಲಿ. ಕೆಂಪು ಬಣ್ಣ ಬಿಸಿಲಿಗೆ ಬೆಳ್ಳಗಾಗಿ ಹಳೆಯ ಗಾಯದ ಹಾಗೆ ಕಾಣುತ್ತಿತ್ತು. ಅದರ ನೆರಳಿನಲ್ಲಿ ಸತ್ತಾರ್ ಸಾಬ್ ಎಂಬ ಮುದುಕ ಕೂತಿದ್ದರು. ನೌಕರಿಯ ಉದ್ದಕ್ಕೂ ದೇವದುರ್ಗ, ಮಾನ್ವಿ ಲೈನುಗಳಲ್ಲಿ ಇದೇ ಬಸ್ಸು ಓಡಿಸಿದವರು. ಬಸ್ಸು ಗುಜರಿಗೆ ಬಂದಂದಿನಿಂದ ದಿನವೂ ಬುತ್ತಿ ಕಟ್ಟಿಕೊಂಡು ಬಂದು ಸಂಜೆಯವರೆಗೆ ಅದರ ಪಕ್ಕದಲ್ಲಿ ಕೂರುವರಂತೆ. “ಮಾನ್ವಿ ಮಟ ನಾನಽ ಬಿಟ್ಟು ಬರ್ತೀನಿ. ಕೂಲಿ ಬ್ಯಾಡ. ಡೀಜಲ್ ಅಷ್ಟ ಹಾಕಸ್ರಿ” ಎಂದರು. ಪುಕ್ಕಟೆ ಡ್ರೈವರ್ ಸಿಕ್ಕಿದ್ದಕ್ಕೆ ವಿರೂಪಣ್ಣ ಶಿವನನ್ನು ನೆನೆದ.

ಸತ್ತಾರ್ ಸಾಬ್ ಸೀಟೇರಿ, ಸ್ಟೇರಿಂಗಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು ಗಾಡಿ ಎತ್ತಿದರು. ಡೀಜಲ್ ಪಂಪಿನಲ್ಲಿ ಬಸ್ಸು ನಿಂತಿತು, ಹೊರಟಿತು. ಅಡ್ಡ ಬಂದ ಎಮ್ಮೆಗಳಿಗಾಗಿ ನಿಂತಿತು, ಮತ್ತೆ ಹೊರಟಿತು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಊರು ದಾಟುವ ಹೊತ್ತಿಗೆ ವಿರೂಪಣ್ಣ ಆಗಲೇ ಹೋಟೆಲಿನ ಮಾಲೀಕನ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿದ್ದ.

“ಒಲಿ ಎಲ್ಲಿ ಇಡ್ತೀರಿ?” ಎಂದು ಸತ್ತಾರ್ ಸಾಬ್ ಕೇಳಿದರು.

“ಎಲ್ಲಿ ಅಂದ್ರ? ನೀವು ಕುಂತೀರಲ್ರಿ, ಅಲ್ಲೇ! ನಿಮ್ಮ ಸೀಟು ಕಿತ್ತಿ ಒಗೀತೀನಿ. ಆ ಸ್ಟೇರಿಂಗ್ ಗುಜರಿಗೆ ಹಾಕ್ತೀನಿ. ಎಣ್ಣಿ ಹೊಗಿ ಮುಂದಿನ ಗ್ಲಾಸಿನ್ಯಾಗಿಂದ ಸೀದಾ ಹೊರಗ ಹೋಗ್ತದ.”

ಸತ್ತಾರ್ ಸಾಬ್ ಸ್ಟೇರಿಂಗನ್ನು ಒಮ್ಮೆ ಸವರಿದರು. ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲಿಸಿ, “ಎಂಜಿನ್ ಕಾದದ. ಆ ಬಾವ್ಯಾಗಿಂದ ಒಂದು ಡಬ್ಬಿ ನೀರು ತರ್ರಿ” ಎಂದರು. ವಿರೂಪಣ್ಣ ಬಿಸಿಲಲ್ಲಿ ನೀರು ಹೊತ್ತು ತಂದ. ಬಂದಾಗ ಮುದುಕ ಸೀಟಿನಲ್ಲೇ ಕೂತಿದ್ದರು. ಬಲಗೈಯ ಕಿರುಬೆರಳಿಗೆ ಒಂದು ಕರಿ ದಾರ ಸುತ್ತಿತ್ತು. ಯಾವುದೋ ದರ್ಗಾದ್ದಿರಬೇಕು, ಮೊದಲು ನೋಡಿರಲಿಲ್ಲ ಎಂದುಕೊಂಡ ವಿರೂಪಣ್ಣ.

ಅಲ್ಲಿಂದ ಮುಂದೆ ರಸ್ತೆ ಬಿಕೋ ಎನ್ನುತ್ತಿತ್ತು. ಎರಡೂ ಕಡೆ ಬಿರುಕು ಬಿಟ್ಟ ಕರಿನೆಲ, ಬೆಳ್ಳಗೆ ಉರಿಯುವ ಆಕಾಶ. ಒಂದು ಕಾಗೆ ಕೂಡ ಕೂಗುತ್ತಿರಲಿಲ್ಲ. ಹಿಂದೆ ಸಾಲುಸಾಲು ಖಾಲಿ ಸೀಟುಗಳು ಒಟ್ಟಿಗೇ ನಡುಗುತ್ತಿದ್ದವು.

ಟಿಣ್.

ಡ್ರೈವರ್ ತಲೆಯ ಮೇಲಿನ ಗಂಟೆ. ಸತ್ತಾರ್ ಸಾಬ್ ಬ್ರೇಕ್ ಹಾಕಿದರು. ಬಸ್ಸು ನಿಂತಿತು. ಹಿಂದಿನ ಬಾಗಿಲು ಕಿರ್ರೆಂದು ತಾನಾಗಿ ತೆರೆಯಿತು. ಮುದುಕ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಯಾರೋ ಇಳಿಯುವಷ್ಟು ಹೊತ್ತು ಕಾದು, ಮೆಲ್ಲಗೆ ತಲೆಯಾಡಿಸಿದರು.

ಟಿಣ್ ಟಿಣ್. ಬಸ್ಸು ಹೊರಟಿತು.

ವಿರೂಪಣ್ಣನ ಕಾಲು ತಾನಾಗಿ ಕೆಳಗಿಳಿಯಿತು. “ಸತ್ತಾರ್ ಸಾಬ್ರ... ಗಂಟಿ ಯಾರು ಹೊಡೆದ್ರು?”

“ಇಳಿಯೋರು ಹೊಡೀತಾರ.”

“ಯಾರು ಇಳಿದ್ರು?”

“ಹಿಂದಿನ ಸೀಟಿನ ಹೆಣ್ಮಗಳು. ಕೈಯಾಗ ಬಟ್ಟಿ ಗಂಟು ಇತ್ತಲ್ಲ?”

ವಿರೂಪಣ್ಣ ಕುತ್ತಿಗೆ ತಿರುಗಿಸಿ ನೋಡಿದ. ಹಿಂದಿನ ಸೀಟಿನ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಅಮಾವಾಸ್ಯೆ, ಕಬ್ಬಿಣ, ಅಂಬಮ್ಮ ಎಲ್ಲರೂ ಒಟ್ಟಿಗೆ ನೆನಪಾದರು. ಕೊರಳಲ್ಲಿದ್ದ ಲಿಂಗವನ್ನು ಅಂಗಿಯ ಮೇಲಿಂದಲೇ ಗಟ್ಟಿಯಾಗಿ ಹಿಡಿದುಕೊಂಡ.

ಮುಂದೆ ಊರಿಲ್ಲ, ಮನೆಯಿಲ್ಲ, ಬರೀ ಒಂದು ಹುಣಸೆಮರವಿದ್ದ ಜಾಗದಲ್ಲಿ ಮತ್ತೆ ಟಿಣ್.

“ಇಲ್ಲಿ ಸ್ಟಾಪ್ ಇಲ್ಲಲ್ರೀ!” ವಿರೂಪಣ್ಣನ ದನಿ ಕೀರಲಾಗಿತ್ತು.

“ಮೊದಲಿತ್ತು.”

“ಊರಽ ಇಲ್ಲಲ್ರೀ!”

“ಅದೂ ಮೊದಲಿತ್ತು” ಎಂದರು ಸತ್ತಾರ್ ಸಾಬ್, ಕನ್ನಡಿ ನೋಡುತ್ತ. ಬಾಗಿಲು ತೆರೆಯಿತು. ಮರದ ಕೆಳಗಿನ ತರಗೆಲೆಗಳು ಯಾರೋ ತುಳಿದಂತೆ ಸರಸರ ಎಂದವು. ಟಿಣ್ ಟಿಣ್.

ಕಲ್ಲೂರಿನಲ್ಲಿ ಮಾತ್ರ ಸ್ಟಾಪಿನಲ್ಲಿ ಒಂದು ಜೀವಂತ ಮುಖವಿತ್ತು. ಮಾನ್ವಿಯಲ್ಲಿ ತತ್ತಿ ಮಾರುವ ಮುನವ್ವರ್ ಬೀ, ವಿರೂಪಣ್ಣನ ಪಕ್ಕದ ಮನೆಯವಳು, ಬುಟ್ಟಿ ಹೊತ್ತು ನಿಂತಿದ್ದಳು. “ಅರೇ ವಿರೂಪಣ್ಣ! ಹೊಸ ಗಾಡಿ ತಂದಿ? ತಡಿ ತಡಿ, ನಾನೂ ಬರ್ತೀನಿ” ಎಂದು ಹಿಗ್ಗಿನಿಂದ ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಒಳಗೆ ಇಣುಕಿದಳು. ಕಂಡಕ್ಟರಿಲ್ಲ, ಜನರಿಲ್ಲ. ಮುಂದೆ ವಿರೂಪಣ್ಣ ಕಣ್ಣು ಮುಚ್ಚಿ ಎದೆ ಹಿಡಿದುಕೊಂಡು ಏನೋ ಮಣಮಣಿಸುತ್ತಿದ್ದ. ಅಷ್ಟರಲ್ಲಿ ಖಾಲಿ ಬಸ್ಸಿನಲ್ಲಿ ಟಿಣ್ ಟಿಣ್ ಎಂದಿತು.

“ಯಾ ಅಲ್ಲಾ!” ಮುನವ್ವರ್ ಬೀ ಹಿಂದಕ್ಕೆ ಹಾರಿದಳು. ಬುಟ್ಟಿ ರಸ್ತೆಗೆ ಬಿತ್ತು. ತತ್ತಿಗಳ ಗತಿ ಹೇಳಬೇಕಾಗಿಲ್ಲ.

ಮುಂದೆ ಮತ್ತೆರಡು ಕಡೆ ಬಸ್ಸು ಯಾರಿಗೋ ನಿಂತಿತು. ಹಾಗೆ ನಿಂತಿದ್ದಾಗಲೇ ರಾಯಚೂರಿನ ಲೈನ್ ಬಸ್ಸು ಭರ್ರೆಂದು ದಾಟಿ ಹೋಯಿತು. ಅದರ ಕಿಟಕಿಯಲ್ಲಿ ಮುನವ್ವರ್ ಬೀ ಇದ್ದಳು. ಅವಳ ಸುತ್ತ ಇಪ್ಪತ್ತು ತಲೆಗಳು ಬಗ್ಗಿ ಕಥೆ ಕೇಳುತ್ತಿದ್ದವು. ವಿರೂಪಣ್ಣನ ಬಸ್ಸು ಕಂಡದ್ದೇ ಅಷ್ಟೂ ತಲೆಗಳು ಒಳಗೆ ಸರಿದು ಕಿಟಕಿಗಳು ಪಟಪಟ ಮುಚ್ಚಿಕೊಂಡವು.

ನೀರಮಾನ್ವಿ ಹತ್ತಿರವಾದಾಗ ವಿರೂಪಣ್ಣನ ಧೈರ್ಯವೆಲ್ಲ ಬಸಿದು ಹೋಗಿತ್ತು. ಎಲ್ಲಮ್ಮನ ಗುಡಿಯ ದಿಕ್ಕಿಗೆ ಕೈಮುಗಿದ. ಅದೂ ಸಾಲದೆನಿಸಿ ಡ್ರೈವರ್ ಬಳಿಗೆ ತೆವಳಿಕೊಂಡು ಹೋದ. “ಯಪ್ಪಾ, ನಿಮಗೇನೂ ಆಗಂಗಿಲ್ಲ, ನಿಮ್ಮ ಕೈಯಾಗ ದರ್ಗಾದ ದಾರ ಅದ. ನನಗೂ ಒಂದೆಳಿ ಕೊಡ್ರಿ, ನಿಮ್ಮ ಕಾಲು ಬೀಳ್ತೀನಿ!” ಎಂದು, ಅವರು ಬೇಡ ಬೇಡ ಎನ್ನುತ್ತಿದ್ದರೂ ಆ ಕಿರುಬೆರಳನ್ನು ಹಿಡಿದೆಳೆದು ಕಣ್ಣಿಗೊತ್ತಿಕೊಂಡ.

ಟಿಣ್.

ವಿರೂಪಣ್ಣ ಗಂಟೆ ನೋಡಿದ. ಬೆರಳು ನೋಡಿದ. ಇನ್ನೊಮ್ಮೆ ಎಳೆದ. ಟಿಣ್. ದಾರ ಬೆರಳಿಂದ ಕಿಟಕಿಯ ಕಂಬದ ಹಿಂದೆ ಹಾದು, ಮೇಲೇರಿ, ಗಂಟೆಯ ಹಗ್ಗಕ್ಕೆ ಕೂಡಿಕೊಂಡಿತ್ತು.

ಬಸ್ಸು ರಸ್ತೆಯ ಬದಿಗೆ ನಿಂತಿತು. ಆಮೇಲೆ ಸತ್ತಾರ್ ಸಾಬ್ ಟವೆಲಿನಿಂದ ಕಣ್ಣೊರೆಸಿಕೊಂಡರು.

“ಏನ್ ಮಾಡ್ಲಿ ವಿರೂಪಣ್ಣ? ನೌಕರಿ ಮುಗೀತು, ಚಟ ಮುಗೀಲಿಲ್ಲ. ಗಂಟಿ ಕೇಳಿಲ್ಲ ಅಂದ್ರ ನನ್ನ ಕಾಲು ಕ್ಲಚ್ ಬಿಟ್ಟು ಏಳಂಗಿಲ್ಲ. ಇವತ್ತಿಗಿ ಕಡೀ ಸಲ ಅಂತ ಕಟ್ಟಿಕೊಂಡೆ.”

“ಮತ್ತ ಆ ಬಾಗಲಾ? ಆ ಹೆಣ್ಮಗಳು, ಗಂಟು?”

“ಬಾಗಲದ ಚಿಲಕ ಸಡಲ ಅದ, ಗಕ್ಕನ ಬ್ರೇಕ್ ಹಾಕಿದ್ರ ತೆರೀತದ. ಹೆಣ್ಮಗಳ ಮಾತು ಸುಮ್ಮ ಹೇಳ್ದೆ. ದಾರ್‍ಯಾಗ ನಿಮಗ ಬ್ಯಾಸರ ಆಗಬಾರ್ದಂತ.”

ವಿರೂಪಣ್ಣ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಬದುಕಿದೆ ಎಂಬ ನಗೆ ಅದು. ಮುದುಕನನ್ನು ನೋಡಿ ಅವನ ಕರುಳು ನಿಜವಾಗಿಯೂ ಚುರುಕ್ ಎಂದಿತು.

“ಯಾರ ಮುಂದೂ ಹೇಳಬ್ಯಾಡ್ರಿ” ಎಂದು ಸತ್ತಾರ್ ಸಾಬ್ ಕೈ ಹಿಡಿದರು. “ಮುದುಕಗ ಮರುಳು ಹಿಡದದ ಅಂತಾರ. ಆಣಿ ಮಾಡ್ರಿ.”

“ಲಿಂಗದ ಆಣಿ, ಹೇಳಂಗಿಲ್ಲ” ಎಂದು ವಿರೂಪಣ್ಣ ಕೊರಳ ಲಿಂಗ ಮುಟ್ಟಿ ಹೇಳಿದ. ಲಿಂಗ ಮುಟ್ಟಿ ಆಡಿದ ಮಾತನ್ನು ಅವನು ಹುಟ್ಟಿದಾಗಿನಿಂದ ಮುರಿದವನಲ್ಲ.

ಮಾನ್ವಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ನಿಲ್ದಾಣದ ಎದುರಿನ ಬಯಲಿನಲ್ಲಿ ಊರಿಗೆ ಊರೇ ನಿಂತಿತ್ತು. ಬಸ್ಸು ಮುಂದೆ ಬಂದಷ್ಟೂ ಗುಂಪು ಹಿಂದೆ ಸರಿಯಿತು. ಮುಂದಿನ ಸಾಲಿನಲ್ಲಿ ಮುನವ್ವರ್ ಬೀ ಖಾಲಿ ಬುಟ್ಟಿಯನ್ನು ಸಾಕ್ಷಿಗೆ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ನಿಂಬೆಹಣ್ಣು ಹಿಡಿದ ಸಾಬಣ್ಣ. ಅವನ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡ ಅಂಬಮ್ಮ.

“ಬಡಿಗ್ಯಾ ಎಲ್ಲಿ? ಮುಂಜಾನಿ ಬೆಂಚು ಹಾಕಬೇಕಲ್ಲ” ಎನ್ನುತ್ತ ವಿರೂಪಣ್ಣ ಇಳಿದ.

“ಬಡಿಗ್ಯಾ ಸುದ್ದಿ ಕೇಳಿದವನಽ ಸಿಂಧನೂರಿಗೆ ಓಡಿದ” ಎಂದ ಸಾಬಣ್ಣ. “ಇದರಾಗ ಯಾರು ಮಿರ್ಚಿ ತಿಂತಾರೋ ಮಾರಾಯ? ಕಾಣೋರು ಒಂದು ತಾಟು ತಿಂದ್ರ ಕಾಣಲಾರ್ದೋರು ಎರಡು ತಾಟು ತಿಂತಾರ.”

“ಏನೂ ಇಲ್ಲ ಬಿಡೋ ಅದರಾಗ! ಆ ಗಂಟಿ ಹೊಡದದ್ದು...” ಎಂದು ಬಾಯಿ ತೆರೆದ ವಿರೂಪಣ್ಣನ ಕೈ ಕೊರಳಿಗೆ ಹೋಯಿತು. ಬಾಯಿ ಮುಚ್ಚಿತು. ಡ್ರೈವರ್ ಸೀಟಿನ ಕಡೆ ತಿರುಗಿ, “ಸತ್ತಾರ್ ಸಾಬ್ರ, ನೀವಽ ಹೇಳ್ರಲ್ಲ!” ಎಂದು ಗೋಗರೆದ.

ಸತ್ತಾರ್ ಸಾಬ್ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಆಕಾಶ ನೋಡಿದರು. “ನಾ ಏನ್ ಹೇಳ್ಲಿ? ನಾ ಬರೇ ಡ್ರೈವರ್.”

ಸಾಬಣ್ಣ ನಿಂಬೆಹಣ್ಣು ಮುಂದೆ ಮಾಡಿ, ಎರಡು ಹೆಜ್ಜೆ ಇಟ್ಟು ಬಸ್ಸಿಗೆ ಕೈಮುಗಿದ. “ಒಳಗ ಯಾರೇ ಇರ್ರಿ, ನಮ್ಮೂರಿಗಿ ಒಳ್ಳೇದು ಮಾಡಾಕ ಬಂದೀರೇನ್ರಿ?”

ಕತ್ತಲಾಗುತ್ತಿದ್ದ ಬಸ್ಸಿನೊಳಗಿಂದ ಟಿಣ್ ಟಿಣ್ ಎಂದಿತು.

ಗುಂಪಿನ ಮೈಮೇಲೆ ಮುಳ್ಳು ಎದ್ದವು. ಹಿಂದಿನಿಂದ ಯಾರೋ, “ಎರಡು ಗಂಟಿ! ಎರಡು ಅಂದ್ರ ರೈಟ್!” ಎಂದ. ಬಸ್ ನಿಲ್ದಾಣದ ಮುಂದೆ ಹುಟ್ಟಿ ಬೆಳೆದ ಊರು ಅದು. ಒಂದು ಗಂಟೆಗೆ ಹೋಲ್ಡಾನ್, ಎರಡಕ್ಕೆ ರೈಟ್ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುನವ್ವರ್ ಬೀ ಬುಟ್ಟಿ ಕೆಳಗಿಟ್ಟು ಮಂಡಿಯೂರಿ, “ಮಗಳನ್ನ ಮಲ್ಲಟದ ಹುಡುಗಗ ಕೊಡ್ಲೇನು ಸ್ವಾಮಿ?” ಎಂದು ಕೇಳಿದಳು. ಟಿಣ್ ಟಿಣ್. ಅವಳು ಅಲ್ಲೇ ಅತ್ತುಬಿಟ್ಟಳು. ಯಾರೋ ಮುಂದಿನ ಗಾಲಿಗೆ ಕಾಯಿ ಒಡೆದರು. ಯಾರೋ ಊದಿನಕಡ್ಡಿ ಹಚ್ಚಿ ಬಂಪರಿಗೆ ಸಿಗಿಸಿದರು.

ವಿರೂಪಣ್ಣನಿಗೆ ಒಮ್ಮೆಲೇ ಬೆಳಕು ಹರಿಯಿತು. ಅರೇ, ಇದು ಒಳ್ಳೆಯದೇ ಆಯಿತಲ್ಲ! ಗಂಟೆ ಯಾರ ಕೈಯಲ್ಲಿದೆಯೋ ಅವರು ತನ್ನ ಋಣದಲ್ಲಿದ್ದಾರೆ. ಒಂದೇ ಮಾತಿಗೆ ಊರಿನ ಭಯವೂ ಹೋಗುತ್ತದೆ, ಹೋಟೆಲಿಗೆ ದೈವದ ಅಪ್ಪಣೆಯೂ ಸಿಗುತ್ತದೆ. ಸತ್ತಾರ್ ಸಾಬರಿಗೆ ಒಂದು ಕಣ್ಣು ಹೊಡೆದು, ಊರಿಗೆಲ್ಲ ಕೇಳುವಂತೆ ಕೂಗಿದ.

“ಸ್ವಾಮೀ! ನಾಳಿ ಮುಂಜಾನಿ ಈ ಬಸ್ಸಿನ್ಯಾಗ ಒಲಿ ಹೊತ್ತಸ್ಲೇನು?”

ಊರು ಉಸಿರು ಬಿಗಿಹಿಡಿಯಿತು.

ಟಿಣ್.

ವಿರೂಪಣ್ಣ ಎರಡನೆಯದಕ್ಕೆ ಕಾದ. ಅದು ಬರಲಿಲ್ಲ. ಸತ್ತಾರ್ ಸಾಬರ ಎರಡೂ ಕೈಗಳು ಎಲ್ಲರಿಗೂ ಕಾಣುವಂತೆ ಸ್ಟೇರಿಂಗಿನ ಮೇಲಿದ್ದವು, ಬೆರಳಲ್ಲಿ ದಾರವಿರಲಿಲ್ಲ. ವಿರೂಪಣ್ಣ ಮಾತ್ರ ಬಗ್ಗಿ ಕಾಲು ನೋಡಿದ. ಒಂದು ಕಾಲಿನ ಚಪ್ಪಲಿ ಬಿಟ್ಟಿತ್ತು. ಹೆಬ್ಬೆರಳಿಗೆ ಕರಿ ದಾರ ಸುತ್ತಿತ್ತು.

ಆಗ ಅವನಿಗೆ ಡೀಜಲ್ ಪಂಪು ನೆನಪಾಯಿತು. ಎಮ್ಮೆಗಳು ನೆನಪಾದವು. ರಾಯಚೂರಿನಲ್ಲಿ ಇದೇ ಬಸ್ಸು, ಇದೇ ಕಾಲು, ಒಂದೂ ಗಂಟೆಯಿಲ್ಲದೆ ನಿಂತಿತ್ತು, ಹೊರಟಿತ್ತು. ಗಂಟೆ ಶುರುವಾದದ್ದು ಒಲೆಯ ಜಾಗ ಹೇಳಿದ ಮೇಲೆ. ಸ್ಟೇರಿಂಗ್ ಗುಜರಿಗೆ ಎಂದ ಮೇಲೆ. ಬಾವಿಗೆ ನೀರಿಗೆ ಹೋಗಿ ಬಂದ ಮೇಲೆ.

“ಲೇ ಮುದುಕಾ...” ಎಂದು ಬಾಯಿ ತೆರೆದ. ಕೊರಳ ಲಿಂಗ ಎದೆಗೆ ತಣ್ಣಗೆ ತಾಗಿತು. ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

ಅವನನ್ನು ಪಕ್ಕಕ್ಕೆ ಸರಿಸಿ ಅಂಬಮ್ಮ ಮುಂದೆ ಬಂದಳು. ಸೆರಗೊಡ್ಡಿ ಕೇಳಿದಳು. “ಹಂಗಾರ ನಮ್ಮ ಮನಿಯವರನ್ನ ಕರಕೊಂಡು ದೇವದುರ್ಗಕ್ಕ, ನನ್ನ ತಮ್ಮನ ಖಾನಾವಳಿಗೆ ಹೋಗ್ಲೇನು ಯಪ್ಪಾ?”

ಒಳಗೆ ಸತ್ತಾರ್ ಸಾಬ್ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಯಾರೋ ಇಳಿಯುವಷ್ಟು ಹೊತ್ತು ಕಾದು, ಮೆಲ್ಲಗೆ ತಲೆಯಾಡಿಸಿದರು.

ಟಿಣ್ ಟಿಣ್.

“ರೈಟ್! ರೈಟ್!” ಎಂದು ಇಡೀ ಮಾನ್ವಿ ಒಂದೇ ದನಿಯಲ್ಲಿ ಕೂಗಿ, ವಿರೂಪಣ್ಣನಿಗೆ ದಾರಿ ಬಿಟ್ಟಿತು.