ಉಸ್ತುವಾರಿ ಯಾರು? ಖಾಲಿ ಬಿಡುವಂತಿಲ್ಲ

ಎಲ್ಲದಕ್ಕೂ ಕಾರಣ ಒಂದು ಖಾಲಿ ಸಾಲು.

ಆಸ್ಪತ್ರೆಗಳ ಹಳೆಯ ರಕ್ತಪರೀಕ್ಷೆ ಯಂತ್ರಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ, ಕಂಪ್ಯೂಟರಿನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗೆಂದು ಬರೆದದ್ದು. ಹೊಸ ಕರ್ನಲ್‌ಗೆ ಅದರ ಮಾತೇ ತಿಳಿಯದು. ಮಾತು ಬಿಟ್ಟ ಅತ್ತೆ-ಸೊಸೆಯರ ನಡುವೆ ಸುದ್ದಿ ಮುಟ್ಟಿಸುವ ಗಂಡನಂತೆ ಇವೆರಡರ ಮಧ್ಯೆ ನಿಲ್ಲುವ ಒಂದು ತಂತ್ರಾಂಶದ ಪದರವನ್ನು ಅವಳು ಐದು ತಿಂಗಳು ಬೆನ್ನು ಮುರಿದು ಕಟ್ಟಿದ್ದಳು. ಇವತ್ತು ಸಂಜೆಯೊಳಗೆ ಅದನ್ನು ಪ್ಯಾಕೇಜ್ ಮಾಡಿ ಆಸ್ಪತ್ರೆಗಳಿಗೆ ಕಳಿಸಿದರೆ ಬೇರೆ ವಿಭಾಗಕ್ಕೆ ವರ್ಗ ಎಂದು ದೊಡ್ಡ ಸಾಹೇಬರು ಮಾತು ಕೊಟ್ಟಿದ್ದರು. ಅದನ್ನು ನಂಬಿ ಅವಳು ಮಗಳಿಗೆ ಮಾತು ಕೊಟ್ಟಿದ್ದಳು: "ನಾಳೆಯಿಂದ ಊಟದ ಹೊತ್ತಲ್ಲಿ ಅಮ್ಮನ ಫೋನ್ ಆಫ್."

ಪ್ಯಾಕೇಜ್ ಕಟ್ಟಲು ಹೊರಟರೆ ಕಂಪ್ಯೂಟರ್ ಅಡ್ಡಗಾಲು ಹಾಕಿತು. 'ಉಸ್ತುವಾರಿ ಯಾರು? ಖಾಲಿ ಬಿಡುವಂತಿಲ್ಲ.'

ಅಲ್ಲಿ ಹೆಸರಿದ್ದವರಿಗೆ, ಯಂತ್ರ ಕೆಮ್ಮಿದರೂ ಸೀನಿದರೂ ಫೋನ್. ತನ್ನ ಹೆಸರು ಹಾಕಿದರೆ ವರ್ಗಾವಣೆ ನೀರುಪಾಲು.

"ಏನಕ್ಕಾ, ಸಹಾಯ ಬೇಕಾ?" ಪಕ್ಕದ ಮೇಜಿನವನು ಕುರ್ಚಿ ಸಮೇತ ಉರುಳಿಕೊಂಡು ಬಂದ.

"ನಿನ್ನ ಹೆಸರು ಹಾಕ್ಲಾ?"

ಕುರ್ಚಿ ಬಂದದ್ದಕ್ಕಿಂತ ಜೋರಾಗಿ ಹಿಂದಕ್ಕೆ ಉರುಳಿತು. "ಅಯ್ಯೋ, ನಂಗೆ ಬೆನ್ನುನೋವು!"

ತಂತ್ರಾಂಶ ಪರೀಕ್ಷೆ ಮಾಡುವ ಗೆಳತಿಯತ್ತ ತಿರುಗಿದರೆ, ಅವಳು ತಲೆಯನ್ನೂ ಎತ್ತಲಿಲ್ಲ. "ನಾನು ತಪ್ಪು ಹುಡುಕೋಳು ಕಣೇ, ಹೊರೋಳಲ್ಲ."

ಬೇರೆ ದಾರಿ ಕಾಣದೆ ಅವಳು ಖಾಲಿ ಸಾಲಿನಲ್ಲಿ 'ಯಾರೂ ಇಲ್ಲ' ಎಂದು ಒತ್ತಿದಳು. 'ಈ ಹೆಸರಿನವರು ಕಚೇರಿಯ ಪಟ್ಟಿಯಲ್ಲಿಲ್ಲ' ಎಂದಿತು ಕಂಪ್ಯೂಟರ್, ಮಹಾ ಸತ್ಯವಂತನ ಹಾಗೆ.

ಬೆನ್ನುನೋವಿನವನು ದೂರದಿಂದಲೇ ಉಪದೇಶ ಎಸೆದ. "ಅಕ್ಕಾ, ಹುದ್ದೆ ಹಾಕಿದ್ರೂ ತಗೊಳ್ಳುತ್ತೆ. ಹಳೆ ಯಂತ್ರ ವಿಭಾಗದ ಮುಖ್ಯಸ್ಥರು ಅಂತ ಹಾಕಿ. ಎರಡು ವರ್ಷದಿಂದ ಆ ಕುರ್ಚಿ ಮೇಲೆ ಕೂತಿರೋದು ಧೂಳು ಒಂದೇ."

ಧೂಳಿಗೆ ಫೋನಿಲ್ಲ, ಊಟಕ್ಕೆ ಕಾಯುವ ಮಕ್ಕಳೂ ಇಲ್ಲ. ಅವಳು ಹಾಕಿದಳು. ಪ್ಯಾಕೇಜ್ ಹೋಯಿತು. ಮೂಲೆಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಮುದಿ ಯಂತ್ರ ಗೊರಗೊರ ಎಂದು ಎದ್ದು ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಬೆನ್ನುನೋವಿನವನದೇ ಜೋರು.

ಸಂಜೆ ಸಾಹೇಬರು ಕರೆಸಿದರು. "ಬಾಮ್ಮ, ಕೂತ್ಕೋ. ನಾನು ಮಾತು ತಪ್ಪೋನಲ್ಲ. ಬರೀ ವರ್ಗ ಅಲ್ಲ, ಬಡ್ತಿ!"

ಅವಳು ಕಾಗದ ಓದಿದಳು. ಹಳೆ ಯಂತ್ರ ವಿಭಾಗದ ಮುಖ್ಯಸ್ಥೆ. ಇವತ್ತು ಬೆಳಿಗ್ಗೆಯಿಂದಲೇ ಜಾರಿ.

"ಸತ್ತಿದ್ದನ್ನೆಲ್ಲ ಇಷ್ಟು ಚೆನ್ನಾಗಿ ಎಬ್ಬಿಸ್ತೀಯ. ನಿನ್ನ ಬಿಟ್ಟು ಇನ್ಯಾರಮ್ಮ?"

ಕೈಯಲ್ಲಿದ್ದ ಫೋನ್ ಗುಂಯ್ ಎಂದಿತು. ಮಗಳಿರಬೇಕು ಎಂದು ನೋಡಿದಳು.

ಯಂತ್ರ.